ಹೋದ ವರ್ಷದ ಒಂದು ಸೌಟು

ಆ ಮನೆಯಲ್ಲಿ ಜಗಳ ಹತ್ತಿದ್ದು ಒಂದು ಮರದ ಸೌಟಿನ ವಿಷಯಕ್ಕೆ. ಹಿಡಿಕೆ ಮೊಳದುದ್ದ, ತುದಿ ಒಂದು ಕಡೆ ಸವೆದು ಓರೆಯಾಗಿದೆ. ವರ್ಷಕ್ಕೆ ಒಂದೇ ದಿನ ಅದು ಗೋಡೆಯ ಮೊಳೆಯಿಂದ ಕೆಳಗಿಳಿಯುತ್ತದೆ. ಮಳೆ ನಿಂತು ಚಳಿ ಬೀಳುವ ಮೊದಲಿನ ಐದಾರು ವಾರಗಳಲ್ಲಿ ಊರ ಹೊರಗಿನ ಪೊದೆಗಳಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಹಣ್ಣುಗಳು ಕೆಂಪಾಗುತ್ತವೆ, ಕಪ್ಪಾಗುತ್ತವೆ. ಅವನ್ನು ಕಿತ್ತು ತಂದು ಅಜ್ಜಿ ಜಾಮ್ ಮಾಡುತ್ತಾಳೆ. ನಲವತ್ತೊಂದು ವರ್ಷದಿಂದ ಮಾಡುತ್ತಿದ್ದಾಳೆ, ಒಂದು ವರ್ಷವೂ ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

ಈ ಸಲ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಕಾಲು ಜಾರಿ ಅಜ್ಜಿಯ ಬಲಗೈ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿತು. ಆದರೆ ಚಹಾದ ಲೋಟ ಎತ್ತುವುದಕ್ಕೂ ಎರಡು ಕೈ ಬೇಕಾಯಿತು. ಇನ್ನು ಕುದಿಯುವ ಪಾತ್ರೆಯಲ್ಲಿ ಮೂರು ಗಂಟೆ ಸೌಟು ಆಡಿಸುವುದು ದೂರದ ಮಾತು. ಪಟ್ಟಿ ಬಿಚ್ಚಿದ ವಾರ ಮಗಳು ಒಂದು ಚೀಲ ಬನ್ನು ಹಿಡಿದುಕೊಂಡು ನೋಡಲು ಬಂದಳು. ಮಗಳು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಮದುವೆ ತನಗೆ ಒಗ್ಗದ ಕೆಲಸವೆಂದು ತಾನೇ ತೀರ್ಮಾನಿಸಿ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದುಕೊಂಡಿದ್ದಾಳೆ. ಎಲ್ಲರೂ ಊಟಕ್ಕೆ ಕೂತಿದ್ದರು. ಉಪ್ಪಿನ ಡಬ್ಬಿ ಈಚೆ ತಳ್ಳಿ ಅನ್ನುವಷ್ಟೇ ಸಲೀಸಾಗಿ ಅಜ್ಜಿ ಹೇಳಿದಳು:

“ಈ ವರ್ಷ ಸೌಟು ಸೊಸೆ ಹಿಡೀಲಿ.”

ಮಗಳ ಕೈ ತಟ್ಟೆಯಲ್ಲೇ ನಿಂತಿತು. “ಯಾಕಮ್ಮ, ನಾನು ಸತ್ತಿದೀನಾ?”

“ನೀನು ದಿನವಿಡೀ ಒಲೆ ಮುಂದೆ ನಿಂತಿರ್ತೀಯಲ್ಲೇ. ಸಾಕಾಗಿರುತ್ತೆ ನಿಂಗೆ.”

ಅಜ್ಜಿ ಅದನ್ನು ಕನಿಕರದಿಂದಲೇ ಹೇಳಿದ್ದು. ಆದರೆ ಮಗಳ ಕಿವಿಗೆ ಬೀಳುವಷ್ಟರಲ್ಲಿ ಅದು, ನೀನು ಹೊರಗಿನವಳಾದೆ ಎಂದಾಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ತಣ್ಣಗಾಗುತ್ತಿತ್ತೋ ಏನೋ. ಆದರೆ ಸೊಸೆ ಬಾಯಿ ಹಾಕಿದಳು. ಈ ಸಲ ಬಾಟಲಿಗಳನ್ನೆಲ್ಲ ಸರಿಯಾಗಿ ಕುದಿಸಿ, ತಾರೀಖು ಬರೆದು ಚೀಟಿ ಅಂಟಿಸೋಣ ಎಂದಳು. ಇಷ್ಟು ವರ್ಷ ನಾವೇನು ಕೊಳಕು ಬಾಟಲಿಯಲ್ಲಿ ತುಂಬಿಸುತ್ತಿದ್ದೆವಾ, ಒಬ್ಬರಿಗಾದರೂ ಹೊಟ್ಟೆ ನೋವು ಬಂದಿದೆಯಾ ಎಂದು ನಾದಿನಿ ಕೇಳಿದಳು. ಹಾಗಲ್ಲ ಎಂದು ಇವಳು, ಹಾಗೇ ಎಂದು ಅವಳು. ಬನ್ನಿನ ಚೀಲ ಮೇಜಿನ ಮೇಲೇ ಉಳಿಯಿತು, ತಂದವಳು ಚಪ್ಪಲಿ ಮೆಟ್ಟಿ ಹೊರಟಳು. ಆಮೇಲೆ ಎರಡೂವರೆ ತಿಂಗಳು ಆ ಹೊಸಿಲು ತುಳಿಯಲಿಲ್ಲ.

ಅಜ್ಜಿಯ ಮಗನ ಕೆಲಸ ಲಿಫ್ಟ್ ರಿಪೇರಿ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಮಾತ್ರ ತಾಯಿ, ತಂಗಿ, ಹೆಂಡತಿಯ ನಡುವೆ ತಾನೇ ಸಿಕ್ಕಿಕೊಂಡು, ತುಟಿಪಿಟಕ್ಕೆನ್ನದೆ ಊಟ ಮುಗಿಸಿ ಏಳುವುದನ್ನು ರೂಢಿ ಮಾಡಿಕೊಂಡಿದ್ದ.

ಸೊಸೆಯ ಸ್ವಭಾವ ಹೇಳಬೇಕು. ಅವಳು ಒಂದು ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಹದಿನೈದು ವರ್ಷದಿಂದ ಇದ್ದಾಳೆ. ಬಾಟಲಿ ಎಣಿಸುವುದು, ತಾರೀಖು ನೋಡುವುದು, ಅವಧಿ ಮುಗಿದದ್ದನ್ನು ಬೇರ್ಪಡಿಸುವುದು, ಗಾಜಿನ ಸಾಮಾನು ಕುದಿಸುವುದು. ಚೀಟಿ ಇಲ್ಲದ ಬಾಟಲಿ ಕಂಡರೆ ಎರಡನೇ ಸಲ ಯೋಚಿಸಬಾರದು, ಎಸೆಯಬೇಕು ಎನ್ನುವುದು ಅಲ್ಲಿನ ಮೊದಲ ನಿಯಮ. ಆ ನಿಯಮ ಅವಳ ಮೈಗೆ ಅಂಟಿ ಮನೆಗೂ ಬಂದಿತ್ತು. ತೊಳೆದ ಲೋಟವನ್ನು ಇನ್ನೊಮ್ಮೆ ತೊಳೆಯುತ್ತಾಳೆ. ಹದಿನೈದು ವರ್ಷದ ಮಗಳು ಅಮ್ಮನ ಕಣ್ಣೆದುರು ನಿಂತರೆ ತನ್ನನ್ನೂ ಕುದಿಸಿಬಿಡುತ್ತಾಳೆಂದು ಗೆಳತಿಯರಿಗೆ ಹೇಳಿಕೊಂಡು ನಗುತ್ತಾಳೆ. ಈ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಇರುವೆ ಎಂದೇ ಕರೆಯುವುದು. ಸಿಹಿ ಎಲ್ಲಿಟ್ಟರೂ ಹುಡುಕಿಕೊಂಡು ಹೋಗುತ್ತಾಳೆ, ಅದಕ್ಕೆ.

ಇಷ್ಟಾಗಿಯೂ ಸೌಟು ತನ್ನ ಪಾಲಿಗೆ ಬಂತೆಂದು ಸೊಸೆಗೆ ಒಳಗೊಳಗೇ ಹಿಗ್ಗು. ಮದುವೆಯಾಗಿ ಹದಿನೇಳು ವರ್ಷ ಹಣ್ಣು ಬಿಡಿಸಿದ್ದಳು, ಪಾತ್ರೆ ಉಜ್ಜಿದ್ದಳು. ಒಲೆಯ ಎದುರಿನ ಜಾಗ ಅತ್ತೆಯದು, ಅತ್ತೆಯ ಪಕ್ಕದ ಜಾಗ ನಾದಿನಿಯದು. ಈಗ ಕರೆದು ಕೊಟ್ಟಿದ್ದಾರೆ, ಒಂದು ಕೂದಲೆಳೆಯಷ್ಟೂ ತಪ್ಪಾಗಬಾರದು ಎಂದು ಹಣ್ಣು ಕೀಳುವುದಕ್ಕೂ ಒಂದು ವಾರ ಮೊದಲೇ ಸೊಂಟಕ್ಕೆ ಬಟ್ಟೆ ಕಟ್ಟಿ ನಿಂತಳು. ಭಾನುವಾರ ಅಡುಗೆಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿದಳು. ಖಾಲಿ ಬಾಟಲಿಗಳನ್ನು ಇಳಿಸಿ ಸೋಡಾ ಪುಡಿ ಹಾಕಿ ಉಜ್ಜಿದಳು. ಮೇಲಿನ ಕಪಾಟಿನ ಹಿಂದುಗಡೆ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಿಡ್ಡ ಬಾಟಲಿ ಸಿಕ್ಕಿತು. ಚೀಟಿ ಇಲ್ಲ, ತಾರೀಖಿಲ್ಲ. ಒಳಗೆ ಕಾಲು ಭಾಗ ಕಪ್ಪು ಕೆಂಪು ಜಾಮ್, ಅದರ ಮೇಲೆ ಬೆಳ್ಳಗೆ ಏನೋ ಕಟ್ಟಿದೆ. ಬೂಷ್ಟು ಎಂದುಕೊಂಡಳು. ಮೂಸಿಯೂ ನೋಡದೆ ಬಿಸಿನೀರು ಹಾಕಿ ಕರಗಿಸಿ ಮೋರಿಗೆ ಸುರಿದು, ಬ್ರಷ್ಷಿನಿಂದ ತಿಕ್ಕಿ, ಕುದಿಸಿ, ಉಳಿದ ಬಾಟಲಿಗಳ ಸಾಲಿನಲ್ಲಿ ಬೋರಲು ಹಾಕಿದಳು. ಸಾಲು ಲಕಲಕ ಹೊಳೆಯಿತು. ಕಾಫಿ ಕುಡಿಯುತ್ತಾ ಅದನ್ನೇ ನೋಡುತ್ತ ಕೂತಳು.

ಮುಂದಿನ ಭಾನುವಾರ ಮೊದಲ ಹಣ್ಣಿಗೆ ಹೊರಟರು. ಊರಿನ ಹಿಂದೆ, ರೈಲು ಓಡದೆ ಎಷ್ಟೋ ವರ್ಷಗಳಾದ ಹಳೇ ಹಳಿ ಇದೆ. ಅಜ್ಜಿಯ ಗಂಡ ಆ ಹಳಿಯನ್ನು ಕಾಯುವ ಗ್ಯಾಂಗಿನಲ್ಲಿದ್ದವನು. ಹಳಿಯ ಎರಡೂ ಕಡೆ ಹುಳಿಸೇಬಿನ ಕುಳ್ಳ ಮರಗಳು, ಅವುಗಳ ಕಾಲ ಬುಡದಲ್ಲಿ ಮುಳ್ಳುಹಣ್ಣಿನ ಪೊದೆ. ಹುಳಿಸೇಬು ಗೋಲಿಯಷ್ಟೇ ಗಾತ್ರ. ಹಸಿಯಾಗಿ ಕಚ್ಚಿದರೆ ಕಿವಿಯ ಹಿಂದೆಲ್ಲ ಜುಮ್ಮೆನ್ನುವ ಹುಳಿ. ಮುಳ್ಳುಹಣ್ಣಿಗೆ ಸಿಹಿ ಇದೆ, ಗಟ್ಟಿತನವಿಲ್ಲ. ಎರಡನ್ನೂ ಕೂಡಿಸಿ ಬೇಯಿಸಿದರೇ ಜಾಮ್ ನಿಲ್ಲುವುದು. ಮೊದಲೆರಡು ವಾರ ಸೇಬು, ಅದು ಗೋಣಿಚೀಲದಲ್ಲಿ ಮಂಚದ ಕೆಳಗೆ ಇದ್ದರೂ ಕೆಡದು. ಮೂರನೇ ವಾರ ಮುಳ್ಳುಹಣ್ಣು, ಅದನ್ನು ತಂದ ದಿನವೇ ಸಕ್ಕರೆಯಲ್ಲಿ ಹಾಕಿಡಬೇಕು. ನಾಲ್ಕನೇ ಭಾನುವಾರ ಒಲೆ.

ಅಜ್ಜಿ ಹಳಿಯ ಮೇಲೆ ಹಳೇ ಸ್ವೆಟರ್ ಹಾಸಿ ಕೂತು ಹಣ್ಣು ಆರಿಸುತ್ತಿದ್ದಳು. ಸೊಸೆ ಕೊಕ್ಕೆಯಿಂದ ಕೊಂಬೆ ಬಗ್ಗಿಸಿ ಹಿಡಿದಿದ್ದಳು, ಇರುವೆ ಕೀಳುತ್ತಿದ್ದಳು. ಹುಡುಗಿ ಏನೋ ಕೇಳಿದ್ದಕ್ಕೆ ಅಜ್ಜಿ ಎಂದಿನ ಕಥೆ ತೆಗೆದಳು. ಮೊದಲನೇ ವರ್ಷ ತಾತ ತನ್ನ ಟೋಪಿ ತುಂಬ ಇದೇ ಮರದ ಹಣ್ಣು ತಂದಿದ್ದ. ಮಾಡಿದ ಜಾಮಿನಲ್ಲಿ ಸ್ವಲ್ಪ ಮುಂದಿನ ವರ್ಷದವರೆಗೂ ಉಳಿಯಿತು. ಎಸೆಯುವುದಕ್ಕೆ ಕೈ ಬರದೆ ಹೊಸ ಪಾತ್ರೆಗೆ ಸುರಿದಳು. ಅಲ್ಲಿಂದ ಅದೇ ನಿಯಮವಾಯಿತು: ಪ್ರತಿ ವರ್ಷ ಒಂದು ಗಿಡ್ಡ ಬಾಟಲಿ ತನ್ನ ಪೆಟ್ಟಿಗೆಯಲ್ಲಿ ತೆಗೆದಿಡುವುದು, ಮುಂದಿನ ವರ್ಷದ ಪಾತ್ರೆಗೆ ಅದರಿಂದ ಒಂದು ಸೌಟು ಹಾಕುವುದು. ಹುಟ್ಟಿದ್ದು ಜಿಪುಣತನದಿಂದ, ಹನ್ನೊಂದು ವರ್ಷದ ಹಿಂದೆ ತಾತ ಹೋದ ಮೇಲೆ ಅದು ಬೇರೆಯೇ ಆಯಿತು. ಅವರು ಕಿತ್ತ ಹಣ್ಣು ಒಂದು ಚೂರಾದರೂ ಇದರಲ್ಲಿದೆ ಎಂದು ಅಜ್ಜಿ ಹೇಳುತ್ತಾಳೆ. ಹಿಂದೊಮ್ಮೆ ಇರುವೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ, ಈಗ ಉಳಿದಿರುವುದು ಸಾಸಿವೆ ಕಾಳಿಗಿಂತ ಎಷ್ಟೋ ಪಾಲು ಕಡಿಮೆ ಎಂದು ತೋರಿಸಿದ್ದಳು. ಆ ಲೆಕ್ಕ ನಿನ್ನ ಪರೀಕ್ಷೆಗೆ ಇಟ್ಕೋ ಎಂದು ಅಜ್ಜಿ ಉತ್ತರ ಕೊಟ್ಟಿದ್ದಳು.

“ಆ ಗಿಡ್ಡ ಬಾಟಲಿ ಎಲ್ಲಿ ಅಜ್ಜಿ? ನಿನ್ನ ಪೆಟ್ಟಿಗೇಲಿ ಕಾಣ್ಲೇ ಇಲ್ಲ,” ಎಂದಳು ಇರುವೆ. ಹುಡುಕಿದ್ದಾಳೆಂದು ಇದರಿಂದಲೇ ಗೊತ್ತಾಯಿತು.

“ಕೈ ಹೀಗಾದ ಮೇಲೆ ಪೆಟ್ಟಿಗೆ ಮುಚ್ಚಳ ಎತ್ತೋಕೆ ಎಲ್ಲಾಗುತ್ತೆ? ನಿಮ್ಮಪ್ಪನ ಕೈಲಿ ಅಡುಗೆಮನೆ ಕಪಾಟಲ್ಲಿ ಇಡಿಸ್ದೆ. ಈ ಸಲ ಮೇಲೆಲ್ಲ ಸಕ್ಕರೆ ಹರಳು ಕಟ್ಟಿದೆ ಕಣೇ, ಬೆಳ್ಳಗೆ. ಹಾಗೆ ಕಟ್ಟಿದ ವರ್ಷ ತುಂಬ ಚೆನ್ನಾಗಿ ಬರುತ್ತೆ.”

ಸೊಸೆಯ ಕೈಯಿಂದ ಕೊಕ್ಕೆ ಜಾರಿತು. ಕೊಂಬೆ ಸಟ್ಟನೆ ಮೇಲೆದ್ದು ಹಣ್ಣೆಲ್ಲ ಪಟಪಟ ಉದುರಿತು. ಏನಾಯಿತೆಂದು ಅಜ್ಜಿ ಕೇಳಿದ್ದಕ್ಕೆ ಕೈ ಸೋತಿತು ಎಂದಳು. ಬಗ್ಗಿ ಹಣ್ಣು ಆರಿಸತೊಡಗಿದಳು. ಮುಖ ಎತ್ತದಿರಲು ಅದೊಂದು ನೆಪ ಸಿಕ್ಕಿತು.

ಅವತ್ತು ಸಂಜೆ ಗಂಡ ಅಂಗಳದಲ್ಲಿ ಶೂ ಬಿಚ್ಚುತ್ತಿರುವಾಗಲೇ ಹಿಡಿದಳು. ಅತ್ತೆ ಕೊಟ್ಟ ಬಾಟಲಿ ಕಪಾಟಿನಲ್ಲಿಟ್ಟಿದ್ದನ್ನು ತನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಬೇಕು ಅಂತಿದ್ದೆ, ಮರೆತೆ ಎಂದ ಅವನು. ಆ ಮನೆಯಲ್ಲಿ ಅವನು ಅತಿ ಹೆಚ್ಚು ಸಲ ಆಡುವ ಮಾತು ಅದು. ಬಾಟಲಿ ಏನಾಯಿತೆಂದು ತಿಳಿದ ಮೇಲೆ ಅವನು ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಒಂದು ಉಪಾಯ ಹೇಳಿದ.

“ಅಂಗಡಿಯಿಂದ ಅದೇ ಬಣ್ಣದ್ದು ಒಂದು ತಂದು ಹಾಕು. ಯಾರಿಗೆ ಗೊತ್ತಾಗುತ್ತೆ?”

“ನಿಮಗೆ ಗೊತ್ತಾಗುತ್ತಲ್ಲ. ನನಗೂ ಗೊತ್ತಾಗುತ್ತಲ್ಲ.”

ಹಾಗೆಂದಳೇ ಹೊರತು ಮಾರನೇ ದಿನ ಕೆಲಸದಿಂದ ಬರುವಾಗ ಅಂಗಡಿಯಿಂದ ಒಂದು ಬಾಟಲಿ ಜಾಮ್ ತಂದಳು. ಮನುಷ್ಯರೇ ತಾನೇ. ಗಿಡ್ಡ ಬಾಟಲಿ ಕೈಗೆತ್ತಿಕೊಂಡು, ಚಮಚ ಹಿಡಿದು ನಿಂತಳು. ಒಳಗಿರುವುದು ಒಂದು, ಮೇಲೆ ಹೇಳುವುದು ಇನ್ನೊಂದು. ಅವಳ ಉಗ್ರಾಣದಲ್ಲಿ ಹಾಗೆ ಮಾಡಿದವರನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ಚಮಚ ಕೆಳಗಿಟ್ಟಳು. ಬೆಳಗ್ಗೆ ಅಂಗಡಿಯ ಜಾಮನ್ನು ಬ್ರೆಡ್ಡಿಗೆ ಹಚ್ಚಿ ಎಲ್ಲರಿಗೂ ಕೊಟ್ಟಳು. ಇರುವೆ ಒಮ್ಮೆ ಕಚ್ಚಿ, ಇದಕ್ಕೆ ಹಣ್ಣು ತೋರಿಸಿದ್ದಾರೆ ಅಷ್ಟೇ, ಹಾಕಿಲ್ಲ ಎಂದಳು. ಆದರೂ ಎರಡು ತುಂಡು ತಿಂದಳು.

ಆಮೇಲೆ ಶುರುವಾಯಿತು ಹುಡುಕಾಟ. ಹೋದ ವರ್ಷದ್ದು ಎಲ್ಲಾದರೂ ಒಂದು ಚೂರು ಉಳಿದಿರಬಹುದು. ಅಜ್ಜಿ ಪ್ರತಿ ವರ್ಷ ಪರಿಚಯದವರಿಗೆಲ್ಲ ಒಂದೊಂದು ಬಾಟಲಿ ಹಂಚುತ್ತಾಳೆ. ತೊಳೆದು ವಾಪಸು ಕೊಡಬೇಕು ಎನ್ನುವುದು ಕರಾರು. ಸೊಸೆ ಕೆಳಗಿನ ಮನೆಯ ದರ್ಜಿಯ ಹತ್ತಿರ ಹೋದಳು. ಅವನು ಎರಡೇ ವಾರಕ್ಕೆ ಖಾಲಿ ಮಾಡಿದ್ದ, ಈ ಸಲ ಎರಡು ಕೊಡಿ ಎಂದು ಕೇಳಲು ಬಂದಿದ್ದಾಳೆಂದೇ ತಿಳಿದು ಖುಷಿಪಟ್ಟ. ನಿವೃತ್ತ ಟೀಚರೊಬ್ಬರು ಖಾಲಿ ಮಾಡಿದ ತಪ್ಪನ್ನು ಮೊಮ್ಮಕ್ಕಳ ಮೇಲೆ ಹಾಕಿದರು. ಅಜ್ಜಿ ಹಿಂದೆ ಇಸ್ತ್ರಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲಾಂಡ್ರಿಯ ಹಳೇ ಗೆಳತಿ, ಮುಗಿದ ಜಾಮಿನ ರುಚಿಯನ್ನೇ ಹತ್ತು ನಿಮಿಷ ಹೊಗಳಿದಳು. ಎಲ್ಲರೂ ಬಾಟಲಿಯನ್ನು ತೊಳೆದು, ಒರೆಸಿ, ಎಂದೋ ಹಿಂದಿರುಗಿಸಿದ್ದರು. ಹಿಂದಿರುಗಿಸದವಳು ಒಬ್ಬಳೇ. ಅವಳ ಮನೆಗೆ ಎರಡು ಬೀದಿ ದಾಟಿದರೆ ಸಾಕು, ಆದರೆ ಸೊಸೆಯ ಕಾಲಿಗೆ ಅದು ಎರಡು ಊರಿನಷ್ಟು ದೂರವಾಯಿತು.

ಎರಡನೇ ಭಾನುವಾರ ಇನ್ನೊಂದು ಗೋಣಿ ಸೇಬು ಬಂತು. ಮೂರನೇ ಭಾನುವಾರ ಮುಳ್ಳುಹಣ್ಣು. ನಾಲ್ಕೂ ಜನ ಕೈಯೆಲ್ಲ ಗೀರಿಸಿಕೊಂಡು, ಬೆರಳೆಲ್ಲ ನೇರಳೆ ಮಾಡಿಕೊಂಡು ಬಂದರು. ಮನೆ ತುಂಬ ಹುಳಿ ಹುಳಿ ವಾಸನೆ. ಅಜ್ಜಿ ಸಕ್ಕರೆ ಅಳೆಸಿ ಭರಣಿಗೆ ಹಾಕಿಸುತ್ತಾ, ತನಗೆ ಗೊತ್ತಿರುವುದನ್ನೆಲ್ಲ ಒಂದೊಂದಾಗಿ ಸೊಸೆಯ ಕೈಗೆ ದಾಟಿಸುತ್ತಿದ್ದಳು. ನೊರೆ ಬೆಳ್ಳಗಿರುವಾಗ ಸಕ್ಕರೆ ಹಾಕಬಾರದು. ತಣ್ಣನೆ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳಿದರೆ ಸುಕ್ಕುಗಟ್ಟಬೇಕು. ಕೊನೆಗೆ ಹಳೇದು ಒಂದು ಸೌಟು. ಅದನ್ನು ಹಾಕುವಾಗ ಮಾತಾಡಬಾರದು. ಅತ್ತೆ ಇಷ್ಟು ವಿಶ್ವಾಸದಿಂದ ಕಲಿಸುತ್ತಿರುವಾಗ ಸೊಸೆ, ಹೇಳಿಬಿಡಬೇಕು ಎಂದು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಸಕ್ಕರೆ ಸಾಕಾ ಎಂದು ಕೇಳಿದಳು.

ಗುರುವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬೇಕರಿಗೆ ಹೋದಳು. ನಾದಿನಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ತಟ್ಟೆಗಳಿಗೆ ಅಂಟಿದ ಹಿಟ್ಟು ಕೆರೆಯುತ್ತಿದ್ದಳು. ಅತ್ತಿಗೆಯನ್ನು ಕಂಡು ಅವಳ ಮುಖ ಮೊದಲು ಹೆದರಿತು, ಆಮೇಲೆ ಬಿಗಿಯಿತು.

“ಅಮ್ಮ ಹುಷಾರಾಗಿದಾಳಾ?”

“ಹುಷಾರಾಗಿದಾರೆ. ನಾನೇ ಒಂದು ತಪ್ಪು ಮಾಡ್ಕೊಂಡು ಬಂದಿದೀನಿ.”

ನಿಂತುಕೊಂಡೇ ಎಲ್ಲ ಹೇಳಿದಳು. ಕಪಾಟು, ಬಟ್ಟೆ ಕಟ್ಟಿದ ಬಾಟಲಿ, ಬಿಸಿನೀರು, ಮೋರಿ. ಯಾವುದನ್ನೂ ಗಂಡನ ಮರೆವಿನ ಮೇಲೆ ಹಾಕಲಿಲ್ಲ. ತನಗಾಗದವಳ ಎದುರು ಹೀಗೆ ನಿಂತು ಹೇಳುವುದು ಎಷ್ಟು ಕಷ್ಟವೆಂದು ಹೇಳಿದವರಿಗೇ ಗೊತ್ತು. ನಾದಿನಿ ಕೆರೆಯುವುದನ್ನು ನಿಲ್ಲಿಸಿದಳು. ಒಂದು ಮಾತು ಚುಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ, ಅವಳ ನಾಲಿಗೆಯ ತುದಿಗೆ ಅದು ಬಂದಿತ್ತು ಕೂಡ. ಆದರೆ ಅತ್ತಿಗೆಯ ಬೆರಳುಗಳ ನೇರಳೆ ಬಣ್ಣ, ಅದರ ಮೇಲಿನ ಮುಳ್ಳಿನ ಗೀರುಗಳು ಕಣ್ಣಿಗೆ ಬಿದ್ದವು. ಈ ವರ್ಷ ತನ್ನ ಬೆರಳುಗಳು ಬೆಳ್ಳಗೇ ಇದ್ದವು.

“ನಂದು ಬೇಸಿಗೇಲೇ ಮುಗೀತು ಅತ್ತಿಗೆ,” ಎಂದಳು.

ಸೊಸೆ ತಲೆಯಾಡಿಸಿದಳು. ತಿರುಗಿ ಎರಡು ಹೆಜ್ಜೆ ಹಾಕಿದ್ದಳು.

“ಬಾಟಲಿ ಇದೆ. ತೊಳೆದಿಲ್ಲ.”

ಕೋಣೆ ಬೇಕರಿಯ ಹಿಂದೆಯೇ ಇತ್ತು. ಒಂದು ಮಂಚ, ಒಂದು ಸ್ಟೂಲು, ಕಿಟಕಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಮುಚ್ಚಳ ಹಾಕಿದ ಬಾಟಲಿ. ಒಳಗೆ ಗಾಜಿಗೆ ಅಂಟಿ ಒಣಗಿದ ಕೆಂಪು ಪದರ, ತಳದಲ್ಲಿ ಉಗುರಿನಷ್ಟು ದಪ್ಪ. ಸೊಸೆ ಅಭ್ಯಾಸಬಲದಿಂದ ಅದನ್ನು ಬೆಳಕಿಗೆ ಹಿಡಿದು ಬೂಷ್ಟಿಗಾಗಿ ಹುಡುಕಿದಳು. ನಾದಿನಿ ಅದನ್ನು ನೋಡಿ ನಗುತ್ತಾಳೇನೋ ಎಂದು ನಾಚಿಕೆಯಾಯಿತು. ಆದರೆ ನಾದಿನಿ ಬೇರೆಲ್ಲೋ ನೋಡುತ್ತಿದ್ದಳು.

“ತೊಳೆದ್ರೆ ವಾಪಸ್ ಕೊಡ್ಬೇಕಾಗುತ್ತೆ. ಕೊಟ್ಬಿಟ್ರೆ ಆ ಮನೆಗೂ ನಂಗೂ ಇರೋದು ಏನು ಅನ್ನಿಸ್ತು. ಅದಕ್ಕೇ ಬಿಟ್ಟೆ.”

ಸೊಸೆ ಬಾಟಲಿಯನ್ನು ಮತ್ತೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಸೌಟನ್ನು ತಾನು ಕೇಳಿ ಪಡೆದದ್ದಲ್ಲ ಎಂದಳು. ಗೊತ್ತು ಎಂದಳು ಅವಳು. ಭಾನುವಾರ ಬೇಕರಿಯ ಮೊದಲ ಸುತ್ತು ಮುಗಿದ ಮೇಲೆ ತಾನೇ ಬಾಟಲಿ ತರುವುದಾಗಿಯೂ ಹೇಳಿದಳು.

“ಆದ್ರೆ ಅಮ್ಮಂಗೆ ನೀವೇ ಹೇಳಿ. ನಾನು ಬರೋ ಮುಂಚೆ ಹೇಳಿ. ಮುಚ್ಚಿಟ್ಟು ಹಾಕೋದು ಬೇಡ.”

ಭಾನುವಾರ ಬೆಳಗ್ಗೆ ದೊಡ್ಡ ಪಾತ್ರೆ ಒಲೆಯೇರಿತು. ಮಗ ನೀರು ತುಂಬಿಕೊಟ್ಟು, ಸೇಬಿನ ಚೀಲ ಎತ್ತಿ ಸುರಿದು, ಇನ್ನು ತನ್ನ ಕೆಲಸ ಮುಗಿಯಿತೆಂದು ಬಾಗಿಲ ಹತ್ತಿರ ನಿಂತ. ಸೇಬು ಬೆಂದು ಒಡೆಯಿತು, ಜರಡಿಯಲ್ಲಿ ಸೋಸಿದ್ದಾಯಿತು, ಮುಳ್ಳುಹಣ್ಣು ಸೇರಿತು, ಸಕ್ಕರೆ ಕರಗಿತು. ಸೊಸೆ ಓರೆ ಸೌಟು ಹಿಡಿದು ತಳ ಹತ್ತದಂತೆ ಆಡಿಸುತ್ತಿದ್ದಳು. ಅಜ್ಜಿ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಮೂಗಿನಿಂದಲೇ ಪಾಕದ ಹದ ನೋಡುತ್ತಿದ್ದಳು. ನಿನ್ನ ಕೈ ಚೆನ್ನಾಗಿ ಕೂತಿದೆ ಎಂದಳು. ಹದಿನೇಳು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ಸೊಸೆಯಿಂದ ಆಗಲಿಲ್ಲ.

“ಅತ್ತೆ, ಗಿಡ್ಡ ಬಾಟಲಿ ಇಲ್ಲ. ಕಪಾಟು ತೊಳೆಯೋವಾಗ ನಾನೇ ಚೆಲ್ಬಿಟ್ಟೆ. ಸಕ್ಕರೆ ಹರಳು ಅಂತ ಗೊತ್ತಾಗ್ಲಿಲ್ಲ, ಬೂಷ್ಟು ಅಂದ್ಕೊಂಡೆ. ಮೂರು ವಾರದಿಂದ ಹೇಳೋಕೆ ಧೈರ್ಯ ಬರ್ಲಿಲ್ಲ.”

ಅಜ್ಜಿ ಕಣ್ಣು ತೆರೆದಳು. “ಎಲ್ಲಿಗೆ ಚೆಲ್ಲಿದೆ?”

“ಮೋರಿಗೆ.”

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಮೇಲಿತ್ತು. ಎಡಗೈಯನ್ನು ಮೊಣಕಾಲಿಗೆ ಊರಿ ಎದ್ದಳು, ತನ್ನ ಕೋಣೆಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಮಗ ಹಿಂದೆಯೇ ಹೋಗಿ, ಇಟ್ಟಿದ್ದನ್ನು ಹೇಳದೇ ಇದ್ದವನು ನಾನು, ಬೈಯೋದಾದರೆ ನನ್ನನ್ನು ಬೈ ಎಂದ. ಎಷ್ಟೋ ವರ್ಷಗಳಲ್ಲಿ ಅವನು ಮನೆಯ ಜಗಳದೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಜ್ಜಿಗೆ ಟೋಪಿ ತುಂಬ ಹಣ್ಣು ಹಿಡಿದು ಬಾಗಿಲಲ್ಲಿ ನಿಂತವನದೇ ನೆನಪು. ಕಣ್ಣೀರು ಸೀರೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಅಡುಗೆಮನೆಯಲ್ಲಿ ಸೊಸೆಯೂ ಅಳುತ್ತಿದ್ದಳು. ಆದರೆ ಕೈ ನಿಲ್ಲಿಸುವಂತಿರಲಿಲ್ಲ; ನಿಲ್ಲಿಸಿದರೆ ತಳ ಹತ್ತುತ್ತದೆ. ಇರುವೆ ಪಕ್ಕದಲ್ಲಿ ನಿಂತು ಅಮ್ಮನ ಮೂಗನ್ನು ತನ್ನ ದುಪಟ್ಟಾದಿಂದ ಒರೆಸಿದಳು. ಕೈ ತೊಳೆದಿದ್ದೀಯಾ ಎಂದು ಸೊಸೆ ಅಳುತ್ತಲೇ ಕೇಳಿದಳು.

ಆಗ ಬಾಗಿಲಲ್ಲಿ ಚಪ್ಪಲಿ ಬಿಚ್ಚುವ ಸದ್ದಾಯಿತು. ಬೇಕರಿ ಅತ್ತೆ ಬಂದಳು ಎಂದು ಇರುವೆ ಪಿಸುಗುಟ್ಟಿದಳು. ನಾದಿನಿ ನೇರ ತಾಯಿಯ ಕೋಣೆಗೆ ಹೋಗಿ, ಬಾಟಲಿಯನ್ನು ಅವಳ ಮಡಿಲಲ್ಲಿಟ್ಟಳು. ಅಜ್ಜಿ ಮಗಳ ಮುಖ ನೋಡಿದಳು. ಎರಡೂವರೆ ತಿಂಗಳಿಗೆ ಸ್ವಲ್ಪ ಇಳಿದಿದ್ದಾಳೆ ಎನಿಸಿತು. ಆಮೇಲೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

“ಇದು ಹೋದ ವರ್ಷದ್ದು.”

“ಹೂಂ.”

“ಬೇಸಿಗೆಯಿಂದ ತೊಳೆದೇ ಇಲ್ಲ ನೀನು.”

“ಇಲ್ಲ.”

“ನಾನು ಹೀಗಾ ಕಲಿಸಿದ್ದು ನಿಂಗೆ?” ಎಂದಳು ಅಜ್ಜಿ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ಗೊತ್ತಾಗಲಿಲ್ಲ. ಸರಿಯಿರುವ ಕೈಯಿಂದ ಮಗಳ ಕತ್ತನ್ನು ಬಳಸಿ ಹತ್ತಿರಕ್ಕೆ ಎಳೆದುಕೊಂಡಳು. ಹಿಟ್ಟಿನ ವಾಸನೆ ಬಂತು. “ಅವತ್ತು ನಿಂಗೆ ಸುಸ್ತಾಗುತ್ತೆ ಅಂದೆ ಕಣೇ. ನೀನು ಬೇಡ ಅಂದಿದ್ದಲ್ಲ.”

“ಗೊತ್ತಿದ್ರೂ ಬರ್ಲಿಲ್ಲ ನಾನು,” ಎಂದಳು ಮಗಳು.

ಅಡುಗೆಮನೆಯಿಂದ ಇರುವೆ ಕೂಗಿದಳು, ನೊರೆ ಸಣ್ಣಗಾಗಿದೆ, ಹದ ಬಂತು, ಬೇಗ ಬನ್ನಿ ಎಂದು. ಮೂವರೂ ಓಡಿದರು, ಅಜ್ಜಿಯ ಲೆಕ್ಕದ ಓಟ. ಕುದಿಯುವ ಪಾಕವನ್ನು ಒಂದು ಸೌಟು ಬಾಟಲಿಗೆ ಹುಯ್ದು, ಅಂಟಿದ್ದನ್ನು ಕರಗಿಸಿ, ಮತ್ತೆ ಪಾತ್ರೆಗೆ ಸುರಿಯುವುದೆಂದು ನಾದಿನಿ ಹೇಳಿದಳು. ತಣ್ಣನೆ ಗಾಜಿಗೆ ಕುದಿಯುವುದನ್ನು ಹಾಕಿದರೆ ಒಡೆದು ಎಲ್ಲವೂ ಹೋಗುತ್ತದೆ ಎಂದು ಸೊಸೆ ತಡೆದಳು. ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದಳು, ಆಮೇಲೆ ಬಿಸಿನೀರಿನಲ್ಲಿ, ಒಳಗೆ ಒಂದು ಹನಿಯೂ ಹೋಗದಂತೆ. ಅವಳ ಹದಿನೈದು ವರ್ಷದ ಉದ್ಯೋಗ ಕೊನೆಗೂ ಆ ಮನೆಯ ಉಪಯೋಗಕ್ಕೆ ಬಂತು. ಆಮೇಲೆ ಸೌಟನ್ನು ನಾದಿನಿಯ ಕಡೆ ಚಾಚಿದಳು. ನಾದಿನಿ ಒಂದು ಕ್ಷಣ ತಡೆದು ತೆಗೆದುಕೊಂಡಳು. ಸೊಸೆ ಬಟ್ಟೆಯಲ್ಲಿ ಬಾಟಲಿ ಹಿಡಿದಳು, ಅವಳು ಹುಯ್ದಳು. ಒಣಗಿದ ಕೆಂಪು ಗಾಜು ಬಿಟ್ಟು ನಿಧಾನವಾಗಿ ಹೊಸದರೊಳಗೆ ಕರಗಿತು. ಅದನ್ನು ಪಾತ್ರೆಗೆ ಸುರಿಯುವಾಗ ಯಾರೂ ಮಾತಾಡಲಿಲ್ಲ. ಇರುವೆ ಕೂಡ ಲೆಕ್ಕದ ಮಾತೆತ್ತಲಿಲ್ಲ.

ತಣ್ಣನೆ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಅಜ್ಜಿ ಬೆರಳಿನಿಂದ ತಳ್ಳಿದಳು. ಸುಕ್ಕುಗಟ್ಟಿತು. ಬೆರಳನ್ನು ಬಾಯಿಗಿಟ್ಟುಕೊಂಡು ರುಚಿ ನೋಡಿದಳು. ಸಾಕು, ಇಳಿಸಿ ಎಂದಳು.

ಬಾಟಲಿಗಳು ತುಂಬುತ್ತಿರುವಾಗ ಸೊಸೆಯನ್ನು ಹತ್ತಿರ ಕರೆದಳು.

“ಅಂಗಡೀದು ತಂದು ಹಾಕಿದ್ರೆ ನಂಗೆ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿರ್ಲಿಲ್ಲ ಅತ್ತೆ. ತಂದೂ ಇದ್ದೆ.”

“ನಾನು ತಿಂದಿದ್ದು ಅದೇನಾ, ಬ್ರೆಡ್ಡಿಗೆ?” ಎಂದು ಅಜ್ಜಿ ಮುಖ ಕಿವುಚಿದಳು. ಆಮೇಲೆ, ಒಂದೇ ಮನೆಯಲ್ಲಿ ಒಂದೇ ಬಾಟಲಿ ಇಟ್ಟುಕೊಂಡಿದ್ದು ತನ್ನ ತಪ್ಪೆಂದಳು. ಇನ್ನು ಮೇಲೆ ಗಿಡ್ಡ ಬಾಟಲಿ ಎರಡು. ಒಂದು ಇಲ್ಲಿ, ಇನ್ನೊಂದು ಮಗಳ ಕೋಣೆಯ ಕಿಟಕಿಯ ಹತ್ತಿರ. ಸೌಟು ಇಬ್ಬರೂ ಸರದಿಯ ಮೇಲೆ ಹಿಡಿಯಿರಿ, ಕೈ ಯಾರದ್ದೇ ಆದರೂ ಜಗಳ ಬೇಡ. ಚೀಟಿ ಬೇಕಿದ್ದರೆ ಅಂಟಿಸಿಕೊಳ್ಳಿ ಎಂದೂ ಹೇಳಿದಳು. ಸೊಸೆ ಆ ಮಾತು ಮುಗಿಯುವ ಮೊದಲೇ ಚೀಟಿ ತರಲು ಎದ್ದಿದ್ದಳು.

ಸಂಜೆ ಎಲ್ಲರೂ ಬಿಸಿ ಬನ್ನಿಗೆ ಪಾತ್ರೆಯ ತಳದ ಜಾಮ್ ಹಚ್ಚಿಕೊಂಡು ತಿಂದರು. ಕತ್ತಲಾಗುವ ಮೊದಲು ನಾದಿನಿ ಹೊರಟಳು. ಚೀಲದಲ್ಲಿ ಎರಡು ಬಾಟಲಿ: ತಿನ್ನುವುದಕ್ಕೆ ಒಂದು ದೊಡ್ಡದು, ಕಾಯುವುದಕ್ಕೆ ಒಂದು ಗಿಡ್ಡದು. ಬಾಗಿಲವರೆಗೆ ಬಂದ ಅತ್ತಿಗೆಗೆ, ದೊಡ್ಡದನ್ನು ಖಾಲಿಯಾದ ಕೂಡಲೇ ತೊಳೆದು ತಂದುಕೊಡುತ್ತೇನೆಂದಳು. ಹಳೇ ಅಭ್ಯಾಸದ ಮಾತು. ಸೊಸೆಯ ಕೈಗಳು ಬೆಳಗ್ಗೆಯಿಂದ ಉಜ್ಜಿದ ಪಾತ್ರೆಗಳ ಸೋಡಾದಿಂದ ಬಿಳುಚಿಕೊಂಡಿದ್ದವು. ಚೀಲದ ಬಾಯಿಯನ್ನು ಸರಿಯಾಗಿ ಮಡಿಸಿ ನಾದಿನಿಯ ಕೈಗೆ ಕೊಟ್ಟಳು.

“ಹಾಗೇ ತಗೊಂಡು ಬಾ,” ಎಂದಳು. “ತೊಳೀಬೇಡ.”